ತಿಗಣೆ ಸಾಯದ ಹಾಸಿಗೆ

ಇಳಕಲ್ಲಿನ ನೇಕಾರರ ಓಣಿಗೆ ಬಂದು ಯಮನವ್ವನ ಮನೆ ಯಾವುದು ಎಂದು ಕೇಳಿದರೆ ಜನ ನೇರವಾಗಿ ಹೇಳುತ್ತಿರಲಿಲ್ಲ. “ಅರಿವಿ ತಿನ್ನೋ ಯಮನವ್ವಂದೇನ್ರಿ?” ಎಂದು ಖಾತ್ರಿ ಮಾಡಿಕೊಂಡು, ಕೇಳಿದವರ ಬಗಲಲ್ಲಿದ್ದ ಗಂಟಿನ ಕಡೆ ಒಂದು ನೋಟ ಹಾಕಿ, ನಗು ತಡೆದುಕೊಂಡು ಕೈ ತೋರಿಸುತ್ತಿದ್ದರು. ಆ ಮನೆಗೆ ಹೋಗುವವರ ಬಗಲಲ್ಲಿ ಹಳೆ ಸೀರೆಯ ಗಂಟು ಇದ್ದೇ ಇರುತ್ತಿತ್ತು. ಯಮನವ್ವ ಕೌದಿ ಹೊಲಿಯುವವಳು. ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಸೂಜಿ ಹಿಡಿದು ಸಾಲು ಸಾಲು ಹೊಲಿದು, ಹಾಸಲಿಕ್ಕೂ ಹೊದೆಯಲಿಕ್ಕೂ ಆಗುವಂತೆ ಮಾಡಿಕೊಡುವುದು ಅವಳ ಕಸುಬು. ಅದರಲ್ಲೂ ಬಾಣಂತಿಯರ ಮನೆಗೆ ಹೋಗುವ ಕೂಸಿನ ಕೌದಿ ಎಂದರೆ ಅವಳ ಕೈಯದೇ ಆಗಬೇಕು ಎಂದು ಊರು ಹಟ ಹಿಡಿದಿತ್ತು. ಹಟ ಹಿಡಿಯುವ ಊರೇ ಬೆನ್ನ ಹಿಂದೆ ನಗುತ್ತಲೂ ಇತ್ತು.

ನಗುವುದಕ್ಕೆ ಕಾರಣ ಇತ್ತು, ಇಲ್ಲ ಎನ್ನುವುದಿಲ್ಲ. ಗಂಟು ಬಿಚ್ಚಿದ ಕೂಡಲೇ ಯಮನವ್ವ ಒಂದೊಂದು ಬಟ್ಟೆಯ ಚುಂಗನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದಳು. ಎಲೆ ಅಡಿಕೆ ಹಾಕಿಕೊಂಡವರ ಹಾಗೆ ಆ ದವಡೆಯಿಂದ ಈ ದವಡೆಗೆ ಸರಿಸಿ, ಸಾವಕಾಶವಾಗಿ ರಸ ಇಳಿಸಿ, ಆಮೇಲೆ ಒಡಕು ಕನ್ನಡಿಯ ಚೂರು ಹಿಡಿದು ತನ್ನ ನಾಲಿಗೆ ನೋಡಿಕೊಳ್ಳುವಳು. ನಾಲಿಗೆಗೆ ಬಣ್ಣ ಹತ್ತಿದರೆ, ಕಹಿಯಾದರೆ, ಚುರುಗುಟ್ಟಿದರೆ ಆ ಬಟ್ಟೆ ತಿರುಗಿ ಗಂಟಿಗೆ ಹೋಗುತ್ತಿತ್ತು. ಇಳಕಲ್ ಸೀರೆಯ ಕೆಂಪು ಸೆರಗನ್ನಂತೂ ಎಷ್ಟು ಗೋಗರೆದರೂ ಅವಳು ಕೂಸಿನ ಕೌದಿಗೆ ಮುಟ್ಟುತ್ತಿರಲಿಲ್ಲ.

“ನಮ್ಮತ್ತಿ ಲಗ್ನದ ಸೀರಿ ಐತಿ ಯಮನವ್ವಾ, ಭಾಳ ಮಾನದ್ದು,” ಎಂದು ಯಾವಳಾದರೂ ಮುಖ ಸಣ್ಣದು ಮಾಡಿದರೆ, “ಇರ್ಲಿ ಬಿಡವಾ. ನಿಮ್ಮತ್ತಿ ಇದನ್ನ ಉಟ್ಟಾಳ, ತಿಂದಿಲ್ಲ. ಕೂಸು ತಿಂತೈತಿ,” ಎಂದು ಸೆರಗು ಕತ್ತರಿಸಿ ಕೈಗೆ ಕೊಡುವಳು.

ಈ ಚಟ ಅವಳಿಗೆ ಹತ್ತಿದ್ದು ಮಗ ಕಳಕಪ್ಪ ಐದು ತಿಂಗಳ ಕೂಸಾಗಿದ್ದಾಗ. ಹೊಸದಾಗಿ ಬಾಣಂತನ ಕಂಡವಳು, ಮಗನಿಗೆ ಹಳೆ ಸೀರೆ ಯಾಕೆ ಎಂದು ಸಂತೆಯಿಂದ ಹಸಿರು ಹೂವಿನ ಅಗ್ಗದ ಅರಿವೆ ತಂದು ಕೌದಿ ಹೊಲಿದಿದ್ದಳು. ಕೂಸು ಇಡೀ ದಿನ ಅದರ ಮೂಲೆ ಚೀಪಿತು. ಸಂಜೆಗೆ ಬಾಯೆಲ್ಲ ಹಸಿರು. ಆಮೇಲೆ ಮೂರು ದಿನ ವಾಂತಿ, ಭೇದಿ. ಕಣ್ಣು ಗುಳಿಗೆ ಇಳಿದವು, ಅಳಲಿಕ್ಕೂ ತ್ರಾಣ ಉಳಿಯಲಿಲ್ಲ. ಅತ್ತೆ ಕಾಳವ್ವ ಹೊಸ್ತಿಲ ಮೇಲೆ ಕುಂತು, “ಕೂಸಿನ ಬಾಯಿಗೆ ಕೊಡೂಕಿಂತ ಮೊದಲ ನೀ ತಿಂದು ನೋಡಬೇಕಿತ್ತಲ್ಲ, ಹುಚ್ಚಿ,” ಎಂದು ಬೈದಳು. ಅತ್ತೆ ಬೈದದ್ದನ್ನು ಸೊಸೆಯಂದಿರು ಸಂಜೆಗೆ ಮರೆಯುವುದು ಎಲ್ಲ ಮನೆಯ ಪದ್ಧತಿ. ಯಮನವ್ವ ಮಾತ್ರ ಅದನ್ನು ಅಕ್ಷರಶಃ ನಡೆಸಿಕೊಂಡು ಬಂದಳು. ಕಳಕಪ್ಪ ಉಳಿದ, ಬೆಳೆದ, ಮಗ್ಗಕ್ಕೆ ಕುಂತ, ಅವನಿಗೂ ರಾಮವ್ವ ಎಂಬ ಮಗಳು ಹುಟ್ಟಿದಳು. ಆದರೆ ಆ ಮೂರು ದಿನ ಯಮನವ್ವನ ಎದೆಯೊಳಗೆ ಹೊಕ್ಕ ಹೆದರಿಕೆ ಹೊರಗೆ ಬರಲೇ ಇಲ್ಲ.

ಓಣಿಯಲ್ಲಿ ಸರಕಾರದ ಬಾಲವಾಡಿ ಶುರುವಾದಾಗ ಆಯಾ ಕೆಲಸಕ್ಕೆ ಅವಳನ್ನೇ ತೆಗೆದುಕೊಂಡರು. ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ತಿನ್ನಿಸುವುದು, ಮಧ್ಯಾಹ್ನ ಮಲಗಿಸುವುದು ಅವಳ ಪಾಲಿಗೆ. ಅಕ್ಷರ ಕಲಿಸುವುದು ಹುನಗುಂದದಿಂದ ಬಂದಿದ್ದ ಗುರುಸಿದ್ದವ್ವ ಅಕ್ಕೋರ ಪಾಲಿಗೆ. ಅಕ್ಕೋರು ಒಳ್ಳೆಯ ಹೆಣ್ಣುಮಗಳು. ಒಂದೇ ಐಬು ಎಂದರೆ ಜೀಪಿನ ಸಪ್ಪಳ ಕೇಳಿದರೆ ಅವರಿಗೆ ಕೈಕಾಲು ನಡುಗುತ್ತಿದ್ದವು. ಇಪ್ಪತ್ನಾಲ್ಕು ಮಕ್ಕಳು. ಅವರಲ್ಲಿ ಮೂರು ವರ್ಷದ ರಾಮಿಯೂ ಒಬ್ಬಳು. ಯಮನವ್ವ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಹೊರಟಳೆಂದರೆ ದಾರಿಯುದ್ದಕ್ಕೂ, “ಆಫೀಸಿಗೆ ಹೊಂಟೇವಿ,” ಎಂದು ಕೇಳದವರಿಗೂ ಹೇಳುತ್ತಿದ್ದಳು. ಸರಕಾರಿ ನೌಕರಿಯ ಜಂಬ ಅವಳಿಗೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

ಹೀಗಿರುತ್ತ ೧೯೭೯ ಬಂತು. ಅದು ಮಕ್ಕಳ ವರ್ಷ ಎಂದು ಲೋಕವೆಲ್ಲ ಸೇರಿ ನಿಶ್ಚಯ ಮಾಡಿತ್ತಂತೆ. ಹುನಗುಂದ ತಾಲೂಕಿಗೂ ಆ ಸುದ್ದಿ ತಲುಪಿ, ಮಕ್ಕಳನ್ನು ಬಿಸಿಲಲ್ಲಿ ಎರಡು ತಾಸು ನಿಲ್ಲಿಸಿ ಮಕ್ಕಳ ಆರೋಗ್ಯದ ಮೇಲೆ ಭಾಷಣ ಮಾಡಲಾಯಿತು. ಮೂರು ಮಕ್ಕಳು ತಲೆ ತಿರುಗಿ ಬಿದ್ದವು, ಭಾಷಣ ನಿಲ್ಲಲಿಲ್ಲ. ಆ ಭಾಷಣದ ಕೊನೆಯಲ್ಲಿ ತಾಲೂಕಿನ ಸಾಹೇಬರಾದ ಅಮಾತೆಪ್ಪನವರು, ಇನ್ನು ಮುಂದೆ ಬಾಲವಾಡಿಯ ಯಾವ ಮಗುವೂ ನೆಲದ ಮೇಲೆ ಮಲಗುವುದಿಲ್ಲ, ಪ್ರತಿ ಮಗುವಿಗೂ ಒಂದೊಂದು ಹಾಸಿಗೆ ಬರುತ್ತದೆ, ಮೊದಲಿಗೆ ಇಳಕಲ್ಲಿಗೇ ಬರುತ್ತದೆ ಎಂದು ಸಾರಿದರು. ಯಮನವ್ವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಹಾಸಿಗೆಗಳು ಬಂದವು. ತಂದವನು ಬಾಗಲಕೋಟೆಯ ಚಂದಪ್ಪ. ಇವನನ್ನು ಕೆಟ್ಟವನೆಂದು ತಿಳಿಯಬೇಡಿ, ತಾನು ಮಾಡಿದ್ದು ಘನಕಾರ್ಯ ಎಂದು ಮನಸಾರೆ ನಂಬಿದ್ದ ಮನುಷ್ಯ ಆತ. ಸರಕಾರಿ ಹಾಸಿಗೆಗಳಿಗೆ ಬೇಗ ತಿಗಣೆ ಬೀಳುತ್ತದೆ ಎಂಬ ದೂರಿಗೆ ಅವನು ಒಂದು ಉಪಾಯ ಕಂಡುಹಿಡಿದಿದ್ದ. ಹತ್ತಿ ಬೆಳೆಗೆ ಹುಳ ಬಿದ್ದಾಗ ರೈತರು ಮೂಗಿಗೆ ಪಂಜೆ ಕಟ್ಟಿಕೊಂಡು ಉದುರಿಸುತ್ತಾರಲ್ಲ, ಆ ಹುಳದ ಪುಡಿಯನ್ನೇ ಹಿಂಜಿದ ಹತ್ತಿಯಲ್ಲಿ ಬೆರೆಸಿ ತುಂಬಿಬಿಟ್ಟಿದ್ದ. ಹತ್ತಿಗೆ ಹೊಲದಲ್ಲಿ ಒಳ್ಳೆಯದಾದದ್ದು ಹಾಸಿಗೆಯಲ್ಲಿ ಕೆಟ್ಟದ್ದು ಹೇಗಾದೀತು ಎಂಬುದು ಅವನ ವಾದ. ಇಪ್ಪತ್ನಾಲ್ಕು ಹಾಸಿಗೆಗಳನ್ನು ಅಂಗಳದಲ್ಲಿ ಸಾಲಾಗಿ ಹಾಸಿದಾಗ ಓಣಿಯ ತುಂಬ ಮುಗ್ಗಲು ಮುಗ್ಗಲು ವಾಸನೆ ಎದ್ದಿತು. ಅಂಗಳದಲ್ಲಿ ಮಲಗಿದ್ದ ನಾಯಿ ಸೀನಿ ಎದ್ದು ಹೋಯಿತು.

ಸಾಹೇಬರ ಕೈಯಲ್ಲಿ ಒಂದು ಫಾರ್ಮು ಇತ್ತು. ಉದ್ದ ಅಳೆದರು, ಸರಿ ಇತ್ತು. ಅಗಲ ಅಳೆದರು. ತೂಗಿದರು. ಹೊಲಿಗೆ ಎಣಿಸಿದರು. ಮೂಲೆಯಲ್ಲಿ ಇಲಾಖೆಯ ಮುದ್ರೆ ನೇರವಾಗಿ ಬಿದ್ದಿದೆಯೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡಿದರು. ಎಲ್ಲ ಕಾಲಂ ತುಂಬಿದ ಮೇಲೆ ‘ತಿಗಣೆ’ ಎಂಬ ಒಂದು ಕಾಲಂ ಉಳಿಯಿತು. ಚಂದಪ್ಪ ಅದಕ್ಕೇ ಕಾದಿದ್ದ. ಕಿಸೆಯಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದು, ಬಾಗಲಕೋಟೆಯ ಯಾವುದೋ ಖಾನಾವಳಿಯ ಬೆಂಚಿನ ಸಂದಿಯಿಂದ ತಾನೇ ಆರಿಸಿ ತಂದಿದ್ದ ಹತ್ತು ತಿಗಣೆಗಳನ್ನು ಹಾಸಿಗೆಯ ಮೇಲೆ ಬಿಟ್ಟ. ಜನ ಕತ್ತು ಉದ್ದ ಮಾಡಿದರು. ತಿಗಣೆಗಳು ಗೇಣುದ್ದ ನಡೆದವು, ಸುತ್ತು ತಿರುಗಿದವು, ಅಂಗಾತ ಬಿದ್ದು ಕಾಲು ಬಡಿದವು. ಸಾಹೇಬರು ಗಡಿಯಾರ ನೋಡುತ್ತಿದ್ದರು. ಕಾಲು ತಾಸಿನೊಳಗೆ ಹತ್ತೂ ಸತ್ತವು.

“ನೋಡ್ರಿ ಸಾಹೇಬ್ರ, ಹತ್ತಕ್ಕ ಹತ್ತು. ಒಂದು ವರ್ಷ ಗ್ಯಾರಂಟಿ,” ಎಂದ ಚಂದಪ್ಪ. ಚಪ್ಪಾಳೆ ಬಿತ್ತು. ಸಾಹೇಬರು ‘ಉತ್ತಮ’ ಎಂದು ಬರೆದರು.

ಅಷ್ಟರಲ್ಲಿ ಯಮನವ್ವ ಹಾಸಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಂತು ಅದರ ಮೂಲೆ ಬಾಯಿಗೆ ಹಾಕಿಕೊಂಡದ್ದನ್ನು ಯಾರೂ ಗಮನಿಸಿರಲಿಲ್ಲ. ಎರಡು ಸಲ ಅಗಿದಿದ್ದಳೋ ಇಲ್ಲವೋ, ಥೂ ಥೂ ಎಂದು ಉಗುಳಿ ನೀರಿನ ಹಂಡೆಯ ಕಡೆ ಓಡಿದಳು. ನಾಲಿಗೆ ಜೋಮು ಹಿಡಿದಿತ್ತು, ತುಟಿ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕಾಯಿತು. ಬಾಯಿ ಮುಕ್ಕಳಿಸಿ ಬಂದು ಸಾಹೇಬರ ಎದುರು ಸೆರಗು ಹೊದ್ದು ನಿಂತಳು.

“ಸಾಹೇಬ್ರ, ತಗಣಿ ಸಾಯೋ ಹಾಸಿಗಿ ಮ್ಯಾಲ ಕೂಸು ಹೆಂಗ ಮಲಗಬೇಕ್ರಿ?”

“ತಗಣಿ ಸತ್ರ ಕೂಸಿಗೆ ನಿದ್ದಿ ಚಲೋ ಬರ್ತೈತಲ್ಲ ಯವ್ವಾ,” ಎಂದ ಚಂದಪ್ಪ, ನಗುತ್ತ.

“ಕೂಸು ಹಾಸಿಗಿ ಚೀಪ್ತೈತ್ರಿ. ಬೋರಲ ಬಿದ್ದು ಮಲಗ್ತೈತಿ, ಮೂಗು ಹಾಸಿಗ್ಯಾಗ ಇರ್ತೈತಿ. ನಾ ಅಗದು ನೋಡೇನಿ. ಇದು ವಿಷ ಐತಿ.”

ಅಮಾತೆಪ್ಪ ಸಾಹೇಬರು ಸಿಟ್ಟಿನ ಮನುಷ್ಯರಲ್ಲ. ಫಾರ್ಮನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿ, ಹಿಂದೆ ತಿರುವಿ ಅಲ್ಲೂ ನೋಡಿ, ನಿಜವಾದ ಬೇಸರದಿಂದ ಹೇಳಿದರು: “ಅಗದು ನೋಡೂ ಕಾಲಂ ಇದರಾಗ ಇಲ್ಲವಾ. ಇದ್ದಿದ್ರ ಬರೀತಿದ್ದೆ.”

“ಚಂದಪ್ಪಣ್ಣಾರ, ನಿಮ್ಮ ಮನ್ಯಾಗ ಮಕ್ಕಳು ಇಂಥಾ ಹಾಸಿಗಿ ಮ್ಯಾಲ ಮಲಗ್ತಾವೇನ್ರಿ?” ಎಂದು ಯಮನವ್ವ ಆ ಕಡೆ ತಿರುಗಿದಳು.

“ನಮ್ಮ ಮನ್ಯಾಗ ತಗಣಿನ ಇಲ್ಲ ಬಿಡವಾ,” ಎಂದು ಚಂದಪ್ಪ ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡ.

ಮಧ್ಯಾಹ್ನ ಹೋಳಿಗೆ ಊಟ. ಊಟವಾದ ಮೇಲೆ ಸಾಹೇಬರಿಗೆ ಕಣ್ಣು ಎಳೆಯಿತು. ಪ್ರವಾಸಿ ಮಂದಿರದಲ್ಲಿ ಅವರಿಗಿಂತ ದೊಡ್ಡ ಸಾಹೇಬರು ಮಲಗಿದ್ದರು. ಹೊಸ ಹಾಸಿಗೆ ಇರುವಾಗ ಚಿಂತೆ ಯಾಕೆ ಎಂದು ಚಂದಪ್ಪನೇ ನಾಲ್ಕು ಹಾಸಿಗೆ ಕೂಡಿಸಿ ಹಾಸಿಕೊಟ್ಟ. ಸಾಹೇಬರು ಹೊಟ್ಟೆಯ ಭಾರಕ್ಕೆ ಬೋರಲಾಗಿ ಮಲಗಿ ಒಂದೂವರೆ ತಾಸು ಗೊರಕೆ ಹೊಡೆದರು. ಎದ್ದಾಗ ಕಣ್ಣು ಎರಡೂ ಬಾತು ಮುಚ್ಚಿದ್ದವು, ಮೂಗಿನಿಂದ ನೀರು ಸುರಿಯುತ್ತಿತ್ತು, ಅಂಗಿಯೊಳಗೆ ಕೈ ಹಾಕಿ ಪರಚಿಕೊಳ್ಳುತ್ತಿದ್ದರು. ಸೀನುತ್ತ ಕೆಮ್ಮುತ್ತ ಜೀಪು ಹತ್ತಿದರು. ಹೋಳಿಗೆಯಲ್ಲಿ ಬೇಳೆ ಹೆಚ್ಚಾಗಿತ್ತು, ಪಿತ್ತ ಕೆರಳಿದೆ ಎಂದು ಚಂದಪ್ಪ ಎಲ್ಲರಿಗೂ ತಿಳಿಸಿ ಹೇಳಿದ.

ಆವತ್ತು ಯಮನವ್ವನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಪಾಪ, ಒಬ್ಬರಿಗೆ ತ್ರಾಸಾದದ್ದಕ್ಕೆ ಸಂತೋಷಪಡಬಾರದು ಎಂದು ಅವಳಿಗೂ ಗೊತ್ತಿತ್ತು. ಆದರೂ ದೀಪ ಹಚ್ಚುವಾಗ ಎರಡು ಸಲ ನಕ್ಕಳು. ಸಾಹೇಬರ ಮೈಗೇ ಹತ್ತಿದ ಮೇಲೆ ಹಾಸಿಗೆ ಇನ್ನು ಇಲ್ಲಿ ಉಳಿಯುವುದಿಲ್ಲ, ವಾರದಲ್ಲಿ ಲಾರಿ ಬಂದು ಹೇರಿಕೊಂಡು ಹೋಗುತ್ತದೆ ಎಂದು ನಂಬಿಕೊಂಡು, ಹಾಸಿಗೆಗಳನ್ನು ಸುತ್ತಿ ಮೂಲೆಗೆ ಒಟ್ಟಿ, ಮಕ್ಕಳನ್ನು ಎಂದಿನಂತೆ ನೆಲದ ಮೇಲೆ ಮಲಗಿಸಿದಳು.

ಲಾರಿ ಬರಲಿಲ್ಲ, ಕಾಗದ ಬಂತು. ಅಕ್ಕೋರು ಓದಿದರು. ಇತ್ತೀಚೆಗೆ ಅಧಿಕಾರಿಯೊಬ್ಬರ ಆರೋಗ್ಯದಲ್ಲಿ ಏರುಪೇರಾದ ಸಂಗತಿ ಇಲಾಖೆಯ ಗಮನಕ್ಕೆ ಬಂದಿದೆ. ಆದ್ದರಿಂದ ಇನ್ನು ಮುಂದೆ ಯಾವ ಅಧಿಕಾರಿಯೂ ಬಾಲವಾಡಿಯ ಹಾಸಿಗೆಗಳ ಮೇಲೆ ಮಲಗತಕ್ಕದ್ದಲ್ಲ. ಸದರಿ ಹಾಸಿಗೆಗಳು ಮಕ್ಕಳ ಉಪಯೋಗಕ್ಕೆ ಮಾತ್ರ. ಮಕ್ಕಳು ಅವುಗಳ ಮೇಲೆ ಪ್ರತಿದಿನ ಮಲಗುತ್ತಿದ್ದಾರೆಯೇ ಎಂಬುದನ್ನು ಅನಿರೀಕ್ಷಿತ ಭೇಟಿಗಳ ಮೂಲಕ ಖಚಿತಪಡಿಸಿಕೊಳ್ಳಲಾಗುವುದು.

“ಇನ್ನೊಮ್ಮೆ ಓದ್ರಿ ಅಕ್ಕೋರ,” ಎಂದಳು ಯಮನವ್ವ. ಅಕ್ಕೋರು ಇನ್ನೊಮ್ಮೆ ಓದಿದರು. ಎರಡನೆಯ ಸಲವೂ ಅದರಲ್ಲಿ ಅದೇ ಇತ್ತು.

ಮರುದಿನದಿಂದಲೇ ಮಕ್ಕಳು ಹಾಸಿಗೆಯ ಮೇಲೆ ಮಲಗತೊಡಗಿದರು. ಅಕ್ಕೋರನ್ನು ಬೈದು ಪ್ರಯೋಜನವಿಲ್ಲ. ಗಂಡನಿಲ್ಲದ ಹೆಣ್ಣುಮಗಳು, ಆ ಕೆಲಸದ ಮೇಲೆ ಅವರ ಮನೆ ನಡೆಯುತ್ತಿತ್ತು. ಯಮನವ್ವ ಹಾಸಿಗೆಗಳ ಮೇಲೆ ಗೋಣಿತಟ್ಟು ಹಾಸಿ ನೋಡಿದಳು, ಬಿಸಿಲಿಗೆ ಹಾಕಿ ಬಡಿದು ನೋಡಿದಳು. ಬಡಿದಷ್ಟೂ ಪುಡಿ ಏಳುತ್ತಿತ್ತು. ಹತ್ತು ಹನ್ನೆರಡು ದಿನದಲ್ಲಿ ಮಕ್ಕಳ ಕಣ್ಣು ಕೆಂಪಾದವು, ಕುತ್ತಿಗೆಯಲ್ಲಿ ಗಂಧೆ ಎದ್ದವು. ತಿಂಗಳಾಗುವಷ್ಟರಲ್ಲಿ ರಾಮಿಗೆ ಉಬ್ಬಸ ಹತ್ತಿತು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಕುಂತು, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತ, ಅಳಲಿಕ್ಕೂ ಗಾಳಿ ಸಾಲದೆ ಅಜ್ಜಿಯ ಮುಖ ನೋಡುತ್ತಿದ್ದಳು. ಆ ನೋಟ ಯಮನವ್ವನಿಗೆ ಗೊತ್ತಿತ್ತು. ರಾಮಿಯ ಅಪ್ಪ ಕಳಕಪ್ಪ ಐದು ತಿಂಗಳವನಿದ್ದಾಗ ಹೀಗೇ ನೋಡಿದ್ದ.

ದವಾಖಾನೆಯ ಡಾಕ್ಟರು ಕೆಂಪು ಔಷಧದ ಬಾಟಲಿ ಕೊಟ್ಟು, ಮನೆಯಲ್ಲಿ ಮಗ್ಗ ಇದೆಯೇ ಎಂದು ಕೇಳಿದರು. ಇದೆ ಎಂದಾಗ, “ಅದರ ಧೂಳೇ, ಬೇರೆ ಏನೂ ಅಲ್ಲ,” ಎಂದರು. ಇಳಕಲ್ಲಿನಲ್ಲಿ ಮನೆಗೊಂದು ಮಗ್ಗ. ಹಾಗೆ ನೋಡಿದರೆ ಇಡೀ ಊರು ಭುಜ ಎತ್ತಿ ಉಸಿರೆಳೆಯಬೇಕಿತ್ತು. ಯಮನವ್ವ ಬಾಟಲಿ ತಂದಳು, ಹೇಳಿದಂತೆ ಕುಡಿಸಿದಳು, ಆದರೆ ದಿನ ಎಣಿಸುವುದನ್ನು ಬಿಡಲಿಲ್ಲ. ಐತವಾರ ಬಾಲವಾಡಿಗೆ ಸೂಟಿ. ಐತವಾರ ಮಗು ಮಗ್ಗದ ಕುಣಿಯ ಪಕ್ಕದಲ್ಲೇ ದಿನವೆಲ್ಲ ಆಡುತ್ತಿದ್ದಳು, ಉಬ್ಬಸ ಇರುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನಕ್ಕೆ ತಿರುಗಿ ಶುರು. ನಾಲ್ಕು ಐತವಾರ ಹೀಗೇ ಕಳೆದವು.

“ಅಕ್ಕೋರ, ಮಗ್ಗಕ್ಕೇನು ಐತವಾರ ಸೂಟಿ ಇರೂದಿಲ್ಲ,” ಎಂದಳು ಯಮನವ್ವ ಐದನೆಯ ಸೋಮವಾರ.

ಅಕ್ಕೋರಿಗೆ ಅರ್ಥವಾಯಿತು. ಅವರ ಕಣ್ಣಲ್ಲಿ ನೀರು ಬಂತು. “ನಾ ಏನ ಮಾಡ್ಲಿ ಯಮನವ್ವಾ? ಹಾಸಿಗಿ ಎಣಿಸ್ತಾರ, ಅಳೀತಾರ, ಮುದ್ರಿ ನೋಡ್ತಾರ.”

“ಒಳಗ ಏನೈತಿ ಅಂತ ನೋಡ್ತಾರೇನ್ರಿ?”

ಅಕ್ಕೋರು ಸೊಂಟದ ಕೀಲಿಕೈ ಬಿಚ್ಚಿ ಕಿಟಕಿಯ ಮೇಲಿಟ್ಟರು. “ನನಗ ಏನೂ ಹೇಳಬ್ಯಾಡ. ನಾ ಏನೂ ನೋಡಿಲ್ಲ,” ಎಂದು ಗೋಡೆಯ ಮೇಲಿನ ಅಕ್ಷರದ ಪಟದ ಕಡೆ ತಿರುಗಿ ನಿಂತುಬಿಟ್ಟರು.

ಅವತ್ತೇ ಯಮನವ್ವ ಇಪ್ಪತ್ನಾಲ್ಕು ಮನೆ ತಿರುಗಿದಳು. ಪ್ರತಿ ಮನೆಯ ತಾಯಿಗೂ ಒಂದೇ ಮಾತು: ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹಳೆ ಸೀರೆ ತೆಗೆಯಿರಿ, ಸೆರಗು ಬೇಡ. ಅರಿವೆ ತಿನ್ನುವವಳೆಂದು ನಕ್ಕವರು ಈಗ ನಗಲಿಲ್ಲ. ಅವರ ಮಕ್ಕಳ ಕುತ್ತಿಗೆಯ ಮೇಲೂ ಗಂಧೆ ಎದ್ದಿದ್ದವು. ಅಜ್ಜಿಯರ ಸೀರೆ, ತೀರಿಕೊಂಡ ಅತ್ತೆಯರ ಸೀರೆ, ಮೂವತ್ತು ವರ್ಷ ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾದ ಸೀರೆಗಳು ಪೆಟ್ಟಿಗೆಯಿಂದ ಹೊರಬಂದವು. ಯಮನವ್ವ ಎಲ್ಲವನ್ನೂ ಅಗಿದಳು. ಆ ವಾರ ಅವಳಿಗೆ ದವಡೆ ನೋವು ಬಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಬೇಕಾಯಿತು. ಆಮೇಲೆ ದಿನಾ ಮಧ್ಯಾಹ್ನ ನಾಲ್ಕು ಹೆಂಗಸರು ನಾಲ್ಕು ಮೂಲೆಗೆ ಕುಂತು ಹೊಲಿದರು. ಗಂಡಸರು ಕೇಳಿದರೆ ಕೌದಿ ಎಂದರು. ಅದು ಸುಳ್ಳೂ ಅಲ್ಲ. ಹೊರಗಿನ ನೋಟ, ಅಳತೆ ಮಾತ್ರ ಸರಕಾರದ್ದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಚಂದಪ್ಪನ ಹಾಸಿಗೆಗಳನ್ನು ಕಳಕಪ್ಪ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಾಡಿಯಲ್ಲಿ ಹೇರಿ, ಬಾವಿಯಿಂದ ದೂರ, ದನ ಮೇಯದ ಕಲ್ಲುನೆಲದಲ್ಲಿ ಆಳದ ಗುಂಡಿ ತೋಡಿ ಹೂಳಿದ. ಅದಕ್ಕೆ ಮುಂಚೆ ಯಮನವ್ವ ಪ್ರತಿ ಹಾಸಿಗೆಯ ಮೂಲೆಯಿಂದ ಇಲಾಖೆಯ ಮುದ್ರೆ ಇದ್ದ ಅಂಗೈಯಗಲದ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಮುದ್ರೆ ಇಲ್ಲದೆ ಸರಕಾರದಲ್ಲಿ ಯಾವುದಕ್ಕೂ ಜೀವ ಇಲ್ಲ ಎಂಬಷ್ಟು ಅವಳೂ ಕಲಿತಿದ್ದಳು. ಆ ತುಂಡುಗಳನ್ನು ಸೋಡಾ ಹಾಕಿ ಕುದಿಸಿ, ಒಗೆದು, ಒಣಗಿಸಿ, ತಿರುಗಿ ಕುದಿಸಿ, ಹದಿನೈದು ದಿನ ಅದೇ ಕೆಲಸ ಮಾಡಿದಳು. ಕೊನೆಗೆ ಒಂದೊಂದನ್ನೂ ಬಾಯಿಗೆ ಹಾಕಿಕೊಂಡಳು. ಸರಕಾರದ ಮುದ್ರೆಯನ್ನು ಇಪ್ಪತ್ನಾಲ್ಕು ಸಲ ಅಗಿದು ನೋಡಿದ ಹೆಣ್ಣುಮಗಳು ಇಡೀ ವಿಜಾಪುರ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಹೇಗಿತ್ತು ಎಂದು ಸೊಸೆ ಕೇಳಿದಾಗ, “ಸಪ್ಪಗೈತಿ,” ಎಂದಳು. ಸಪ್ಪಗಿದ್ದರೆ ಮಕ್ಕಳಿಗೆ ಒಳ್ಳೆಯದು ಎಂದು ಹೊಸ ಹಾಸಿಗೆಗಳ ಮೂಲೆಗೆ ಹಚ್ಚಿ ಹೊಲಿದಳು.

ಅನಿರೀಕ್ಷಿತ ಭೇಟಿಗಳು ಆದವು. ಎಣಿಸಿದರು, ಅಳೆದರು, ಮುದ್ರೆ ನೋಡಿದರು. ಮಕ್ಕಳು ಹಾಸಿಗೆಯ ಮೇಲೆಯೇ ಮಲಗಿದ್ದನ್ನು ಕಂಡು ತೃಪ್ತಿಪಟ್ಟು ಹೋದರು. ಗಂಧೆ ಬಾಡಿದವು. ರಾಮಿಯ ಉಬ್ಬಸ ಒಮ್ಮೆಲೇ ಹೋಗಲಿಲ್ಲ. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಚಳಿಗಾಲದಲ್ಲಿ ಮಾತ್ರ. ಯಮನವ್ವ ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ ಮೇಲೆ ಮೊಮ್ಮಗಳ ಬೆನ್ನ ಮೇಲೆ ಕಿವಿ ಇಟ್ಟು ಕೇಳುತ್ತಿದ್ದಳು. ಒಳಗೆ ಸೀಟಿ ಊದಿದಂಥ ಸಪ್ಪಳ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು.

ಒಂದು ವರ್ಷ ಕಳೆಯಿತು. ಮಕ್ಕಳ ವರ್ಷ ಮುಗಿದು ಮಕ್ಕಳು ಇನ್ನೂ ಉಳಿದಿದ್ದರು. ಚಂದಪ್ಪನಿಗೆ ಈಗ ಜಿಲ್ಲೆಯ ಎಲ್ಲ ಬಾಲವಾಡಿಗಳಿಗೆ ಹಾಸಿಗೆ ಪೂರೈಸುವ ಆಸೆ ಹುಟ್ಟಿತ್ತು. ವರ್ಷವಾದರೂ ತನ್ನ ಹಾಸಿಗೆಯ ಗುಣ ಇಳಿದಿಲ್ಲ ಎಂದು ತೋರಿಸಲು ಅವನು ಆರಿಸಿಕೊಂಡದ್ದು ಇಳಕಲ್ಲನ್ನೇ. ಜಿಲ್ಲೆಯ ದೊಡ್ಡ ಸಾಹೇಬರ ಸಮಿತಿಯನ್ನು ಹೊತ್ತು ಮೂರು ಜೀಪು ಬಂದವು. ಅಮಾತೆಪ್ಪ ಸಾಹೇಬರೂ ಬಂದರು, ಆದರೆ ಹಾಸಿಗೆಯಿಂದ ಮೂರು ಮಾರು ದೂರ ನಿಂತರು. ಅಳತೆ, ಮುದ್ರೆ ಎಲ್ಲಕ್ಕೂ ಯಮನವ್ವ ಸಿದ್ಧವಾಗಿದ್ದಳು; ಕಡ್ಡಿಪೆಟ್ಟಿಗೆಯೊಂದು ಅವಳ ನೆನಪಿನಿಂದ ಹಾರಿಹೋಗಿತ್ತು.

ಚಂದಪ್ಪ ಸಭೆಗೆ ಕೈ ಮುಗಿದು ಹತ್ತು ತಿಗಣೆ ಬಿಟ್ಟ. ದೊಡ್ಡ ಸಾಹೇಬರು ಗಡಿಯಾರ ಹಿಡಿದರು. ತಿಗಣೆಗಳು ನಡೆದವು. ಕಾಲು ತಾಸಾಯಿತು, ಇನ್ನೂ ನಡೆಯುತ್ತಿದ್ದವು. ಒಂದು ನಿಂತಿತು, ಚಂದಪ್ಪನ ಮುಖ ಅರಳಿತು, ಅದು ಹೊಲಿಗೆಯ ಸಂದಿ ನೋಡಿ, ಮೆಚ್ಚಿ, ಒಳಗೆ ಹೋಗಿ ಕುಂತಿತು. ಚಂದಪ್ಪ ಕಡ್ಡಿಯಿಂದ ಹೊರಗೆಳೆದ. ಬೇರೆ ಹಾಸಿಗೆಗೆ ಹಾಕಿದ, ಅಲ್ಲೂ ಅವು ಬೀಗರ ಮನೆಗೆ ಬಂದಂತೆ ಓಡಾಡಿದವು. ಒಂದು ತಾಸು ಮುಗಿಯುವ ಹೊತ್ತಿಗೆ ಅವುಗಳಲ್ಲೊಂದು ಹಾಸಿಗೆ ಇಳಿದು ಅಮಾತೆಪ್ಪ ಸಾಹೇಬರ ಬೂಟಿನ ಕಡೆ ಹೊರಟಿತ್ತು.

ಚಂದಪ್ಪ ಕತ್ತರಿ ತರಿಸಿ ಹಾಸಿಗೆ ಸೀಳಿದ. ಒಳಗೆ ಹತ್ತಿ ಇರಲಿಲ್ಲ, ಇಳಕಲ್ಲಿನ ಅರ್ಧ ಊರಿನ ಅಜ್ಜಿಯರು ಇದ್ದರು. ಸಾಹೇಬರೆಲ್ಲ ಅಕ್ಕೋರ ಕಡೆ ತಿರುಗಿದರು.

“ನಾನ ಮಾಡೇನ್ರಿ,” ಎಂದಳು ಯಮನವ್ವ, ಅಡ್ಡ ಬಂದು ನಿಂತು. “ಅಕ್ಕೋರಿಗೆ ಏನೂ ಗೊತ್ತಿಲ್ಲ. ಅವರು ಪಟ ನೋಡ್ಕೋತ ನಿಂತಿದ್ರು.”

“ಯಾಕ ಮಾಡ್ದಿ?” ಎಂದರು ದೊಡ್ಡ ಸಾಹೇಬರು.

“ಹಿಂದಿನ ಸಲ ಕೇಳಿದ್ನಿರಿ. ಕಾಲಂ ಇಲ್ಲ ಅಂದ್ರು.”

ಕೆಲಸದಿಂದ ತೆಗೆದ ಕಾಗದ ಹದಿನೈದು ದಿನದೊಳಗೆ ಬಂತು. ಲೋಪ ಆಯಾಳದ್ದೇ ಹೊರತು ಹಾಸಿಗೆಯದ್ದಲ್ಲ ಎಂದು ತೀರ್ಮಾನವಾದ್ದರಿಂದ ಚಂದಪ್ಪನಿಗೆ ಜಿಲ್ಲೆಯ ಕೆಲಸ ಸಿಕ್ಕಿತು. ಅಕ್ಕೋರು ಕಾಗದ ಓದುತ್ತ ಅತ್ತರು; ಉಸಿರು ತೆಗೆದುಕೊಳ್ಳಲು ಮೂರು ಕಡೆ ನಿಲ್ಲಬೇಕಾಯಿತು, ವಾಕ್ಯ ಅಷ್ಟು ಉದ್ದ ಇತ್ತು. ಯಮನವ್ವನಿಗೂ ದುಃಖವಾಯಿತು. ನಾಳೆಯಿಂದ ಓಣಿಯಲ್ಲಿ ಆಫೀಸಿಗೆ ಹೊರಟೆ ಎಂದು ಹೇಳುವಂತಿಲ್ಲವಲ್ಲ ಎಂಬುದೇ ಅವಳ ಕೊರಗು. ಆದರೆ ತಿಗಣೆಯ ಮಾತು ಬಂದ ಜಾಗದಲ್ಲಿ ಅವಳು ತಡೆದಳು.

“ಅಲ್ಲಿ ಏನಂತ ಬರದಾರ, ಇನ್ನೊಮ್ಮೆ ಓದ್ರಿ.” ಅಕ್ಕೋರು ಓದಿದರು. “ಇದರಾಗ ಮುದ್ರಿ ಐತೇನ್ರಿ?” ಇದೆ ಎಂದರು. ಯಮನವ್ವ ಕಾಗದವನ್ನು ಕೈಗೆ ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇದು ನನಗ ಇರ್ಲಿ,” ಎಂದಳು.

ಬಾಲವಾಡಿಗೆ ಚಂದಪ್ಪನ ಹೊಸ ಹಾಸಿಗೆ ಇಪ್ಪತ್ನಾಲ್ಕು ಬಂದವು, ಈ ಸಲ ಪುಡಿ ದುಪ್ಪಟ್ಟು. ಮರುದಿನ ಬೆಳಿಗ್ಗೆ ಇಪ್ಪತ್ನಾಲ್ಕು ತಾಯಂದಿರು ತಮ್ಮ ತಮ್ಮ ಮಗುವಿನ ಬಗಲಿಗೊಂದು ಕೌದಿ ಕೊಟ್ಟು ಕಳಿಸಿದರು. ಹಾಸಿಗೆಗಳನ್ನು ಹಿಂದಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದವರು ಗುರುಸಿದ್ದವ್ವ ಅಕ್ಕೋರು. ಆ ದಿನ ಅವರ ಕೈ ನಡುಗಲಿಲ್ಲ. ಭೇಟಿಗೆ ಬಂದ ಅಧಿಕಾರಿಗಳು ಕೀಲಿ ತೆಗೆಸಿ, ಮೂಗು ಮುಚ್ಚಿಕೊಂಡು ಎಣಿಸಿ, ‘ಹಾಸಿಗೆಗಳನ್ನು ಹೊಸದರಂತೆ ಕಾಪಾಡಲಾಗಿದೆ’ ಎಂದು ಮೆಚ್ಚುಗೆ ಬರೆದು ಹೋಗುತ್ತಿದ್ದರು.

ಯಮನವ್ವ ಕೌದಿ ಹೊಲಿಯಲಿಕ್ಕೆ ತನ್ನ ಮನೆಯ ಕಟ್ಟೆಗೆ ಮರಳಿದಳು. ಮುಂದಿನ ವರ್ಷಗಳಲ್ಲಿ ಹುನಗುಂದ, ಗುಳೇದಗುಡ್ಡ, ಬಾದಾಮಿಯ ಕಡೆಯಿಂದಲೂ ಗಂಟು ಹೊತ್ತು ಜನ ಬಂದರು. ಎಂಬತ್ತೈದೋ ಎಂಬತ್ತಾರೋ, ಬಾಗಲಕೋಟೆಯಿಂದ ಒಬ್ಬ ಬಾಣಂತಿ ತನ್ನ ತಾಯಿಯ ಜೊತೆ ಬಂದಿದ್ದಳು. ಪೇಟೆಯಲ್ಲಿ ಈಗ ಸ್ಪಂಜಿನ ಹಾಸಿಗೆ ಸಿಗುತ್ತವೆ, ಅವಕ್ಕೆ ಸರ್ಟಿಫಿಕೇಟು ಇರುತ್ತದೆ, ನಿನ್ನ ಕೌದಿಗೆ ಏನಿದೆ ಎಂದು ಕೇಳಿದಳು. ಯಮನವ್ವ ಸಿಟ್ಟಾಗಲಿಲ್ಲ. ಓಣಿಯ ಕಡೆ ಕೂಗಿ, “ರಾಮೀ, ಆ ಕಾಗದ ತಗೊಂಡ ಬಾ,” ಎಂದಳು.

ಒಂಬತ್ತು ವರ್ಷದ ರಾಮಿ ಓಣಿಯ ಆ ತುದಿಯಿಂದ ಓಡುತ್ತ ಬಂದಳು, ಒಳಗೆ ಹೋಗಿ ಗೋಡೆಯ ಮಾಡದಿಂದ ಕಾಗದ ತಂದಳು. ಮಡಿಕೆ ಹರಿದು, ಹಿಂದೆ ಅರಿವೆ ಹಚ್ಚಿ ಹೊಲಿದ ಕಾಗದ. ಬಾಗಿಲಲ್ಲಿ ನಿಂತು ಓದಿದಳು:

“ಸದರಿ ಆಯಾ ಯಮನವ್ವ ಇವರು ಇಲಾಖೆಯ ಅನುಮತಿ ಇಲ್ಲದೆ ಮಕ್ಕಳ ಹಾಸಿಗೆಗಳಲ್ಲಿನ ಔಷಧಯುಕ್ತ ಹತ್ತಿಯನ್ನು ಹೊರತೆಗೆದು ಅದರ ಬದಲಿಗೆ ಹಳೆಯ ಸೀರೆಗಳನ್ನು ತುಂಬಿದ್ದು ತನಿಖೆಯಿಂದ ದೃಢಪಟ್ಟಿರುವುದರಿಂದಲೂ, ಸಮಿತಿಯ ಸಮಕ್ಷಮದಲ್ಲಿ ಸದರಿ ಹಾಸಿಗೆಗಳ ಮೇಲೆ ಬಿಡಲಾದ ಹತ್ತು ತಿಗಣೆಗಳು ಒಂದು ತಾಸಿನ ನಂತರವೂ ಹತ್ತಕ್ಕೆ ಹತ್ತೂ ಜೀವಂತವಾಗಿಯೂ ಆರೋಗ್ಯವಾಗಿಯೂ ಇದ್ದದ್ದು ಕಂಡುಬಂದಿರುವುದರಿಂದಲೂ, ಇವರನ್ನು ತಕ್ಷಣದಿಂದ ಸೇವೆಯಿಂದ ತೆಗೆದುಹಾಕಲಾಗಿದೆ.”

ಬಾಣಂತಿ ಕಣ್ಣು ಬಿಟ್ಟುಕೊಂಡು ಕೇಳಿದಳು. ಅವಳ ತಾಯಿ ನಕ್ಕು ಗಂಟು ಬಿಚ್ಚತೊಡಗಿದಳು. ಯಮನವ್ವನಿಗೆ ಆ ಕಾಗದದ ಮಾತೆಲ್ಲ ಬಾಯಿಪಾಠವಾಗಿತ್ತು, ಅದನ್ನು ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಓಣಿಯ ತುದಿಯಿಂದ ಓಡಿ ಬಂದ ಹುಡುಗಿ, ಅಕ್ಕೋರು ಮೂರು ಕಡೆ ನಿಂತು ಓದಿದ್ದನ್ನು ಒಂದೇ ಉಸಿರಿನಲ್ಲಿ ಓದಿದ್ದಳು. ಯಮನವ್ವ ಆ ಉಸಿರನ್ನು ಮೊದಲಿನಿಂದ ಕೊನೆಯವರೆಗೂ ಕಿವಿಗೊಟ್ಟು ಕೇಳಿದಳು. ಎಲ್ಲಿಯೂ ಕಡಿಯಲಿಲ್ಲ, ಎಲ್ಲಿಯೂ ಸೀಟಿ ಊದಲಿಲ್ಲ.

“ಮಡಿಚಿಡವಾ,” ಎಂದು ಮೊಮ್ಮಗಳಿಗೆ ಹೇಳಿ, ಅವಳು ಗಂಟಿನ ಮೊದಲ ಸೀರೆಯ ಚುಂಗನ್ನು ಬಾಯಿಗೆ ಹಾಕಿಕೊಂಡಳು.